ಬಿಚ್ಚದ ಚಪ್ಪರ

ಕೆರಗೋಡು
೧೯ ಮೇ ೨೦೨೫

ಅಳಿಯ ಸಂತೋಷನಿಗೆ ನಿನ್ನ ಸೋದರತ್ತೆ ಇಂದ್ರಮ್ಮ ಬರೆಯುವುದು.

ಹೇಗಿದ್ದೀಯಪ್ಪ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನಿನ್ನ ಜೊತೆಯ ಮಳವಳ್ಳಿ ಸ್ವಾಮಿ ಹೇಗಿದ್ದಾನೆ? ಮೊಣಕಾಲು ನೋವು ಅನ್ನುತ್ತಿದ್ದನಲ್ಲ ಆ ಪಂಜಾಬಿನ ಹುಡುಗ, ಅವನ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲ, ಅವನೂ ಚೆನ್ನಾಗಿದ್ದಾನಾ? ಇಲ್ಲಿ ನಿಮ್ಮಪ್ಪ ಚಲುವರಾಜು ಆರೋಗ್ಯವಾಗಿದ್ದಾನೆ. ನಿಮ್ಮವ್ವ ಶಶಿರೇಖಾಗೆ ಬೀಪಿ ಸ್ವಲ್ಪ ಏರಿತ್ತು, ಮಾತ್ರೆಯಲ್ಲಿ ಇಳಿದಿದೆ. ನಿನ್ನ ತಂಗಿ ಗಗನ ಭಾರತೀನಗರದ ಕಾಲೇಜಿಗೆ ಹೋಗಿ ಬರುತ್ತಿದ್ದಾಳೆ. ನಿಮ್ಮ ಮಾವ ಚಿಕ್ಕಬೋರಯ್ಯನವರ ಕಿವಿ ಮಾತ್ರ ಇದ್ದ ಹಾಗೇ ಇದೆ. ನಾನು ಕೂಗುವುದು, ಅವರು ನಗುವುದು, ನಮ್ಮ ಸಂಸಾರ ಹೀಗೇ ನಡೆದಿದೆ.

ನಿನ್ನ ಫೋನು ಯಾವಾಗ ಒತ್ತಿದರೂ ಸ್ವಿಚ್ಚಾಫ್ ಅನ್ನುತ್ತದೆ. ಅದಕ್ಕೇ ಕಾಗದ. ಗಗನ ಬರೆದುಕೊಟ್ಟ ವಿಳಾಸದಲ್ಲಿ ನಿನ್ನ ಹೆಸರಿದೆ, ನಂಬರಿದೆ, ಐವತ್ತಾರು ಎಪಿಒ ಅಂತ ಇದೆ, ಊರೇ ಇಲ್ಲ. ಪೋಸ್ಟಿನವನನ್ನು ಕೇಳಿದರೆ, "ಅದು ಅಂಗೇ ಕಣಮ್ಮ, ಮಿಲಿಟ್ರಿಗೆ ಊರಿರಲ್ಲ" ಅಂದ. ಊರಿಲ್ಲದ ಕಡೆ ನಿನಗೆ ಇದನ್ನು ಯಾರು ತಂದುಕೊಡುತ್ತಾರೋ ಕಾಣೆ.

ನೀನು ಹೋದ ದಿನದ್ದೇ ಕಣ್ಣಿಗೆ ಕಟ್ಟಿದೆ. ಬೆಳಿಗ್ಗೆ ತಾನೇ ನಿನ್ನ ಮದುವೆ ಚಪ್ಪರ ಹಾಕಿದ್ದೆವು. ನಿಮ್ಮವ್ವನ ತಮ್ಮ ಅತ್ತಿಕೊಂಬೆ ಹೊತ್ತು ತಂದು ಹಾಲುಗಂಬ ನೆಟ್ಟ, ಅರಿಸಿನದ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ ಹಾಲೆರೆದೆವು. ಮಧ್ಯಾಹ್ನ ನಿನಗೆ ಅರಿಸಿನ ಹಚ್ಚುತ್ತಿರುವಾಗ ರಜೆ ರದ್ದು, ತಕ್ಷಣ ಬಾ ಅಂತ ಫೋನು ಬಂತು. ಭಾನುವಾರ ಮದುವೆ ಅಂತ ನಿಮ್ಮಪ್ಪ ಫೋನು ಕಿತ್ತುಕೊಂಡು ಯಾವುದೋ ಸಾಹೇಬರ ಮೇಲೆ ಕನ್ನಡದಲ್ಲೇ ಕೂಗಾಡಿದ. ನೀನು ಕಾಲಿನ ಅರಿಸಿನವನ್ನೂ ತೊಳೆಯದೆ ಬೂಟು ಹಾಕಿಕೊಂಡು ಹೊರಟುಬಿಟ್ಟೆ. ದುದ್ದದಲ್ಲಿ ಮದುವೆ ಹೆಣ್ಣು ದೀಪಿಕ ಕೈಗೆ ಮದರಂಗಿ ಹಾಕಿಸಿಕೊಂಡು ಕೂತಿದ್ದಳಂತೆ. ಗಗನ ಸುದ್ದಿ ಹೇಳಿದಾಗ ಅದಿನ್ನೂ ಒಣಗಿರಲಿಲ್ಲವಂತೆ.

ಆಮೇಲೆ ಯುದ್ಧ ಶುರುವಾಗಿದೆ, ರಾತ್ರಿ ದೀಪ ಆರಿಸಿ ಅಂತ ಟೀವಿಯಲ್ಲಿ ಅಂದರು. ಅದು ನಮಗೋ ಬೇರೆ ಊರಿಗೋ ಯಾರಿಗೂ ಗೊತ್ತಾಗಲಿಲ್ಲ. ಚಪ್ಪರಕ್ಕೆ ಕಂಬ, ಸೀರಿಯಲ್ ಸೆಟ್ಟು ಕೊಟ್ಟಿದ್ದಾನಲ್ಲ ಶಾಮಿಯಾನದ ನಜೀರ್ ಅಹ್ಮದ್, ಅವನು ಸಂಜೆ ಓಡಿ ಬಂದ.

"ಅಕ್ಕಾ, ಊರಿಗೂರೇ ಕತ್ಲಾಗದೆ, ನಿಮ್ಮನೆ ಒಂದೇ ಮಿಣಮಿಣ ಅಂತದೆ. ಮೇಲಿಂದ ನೋಡ್ದೋರು ಇದೇ ಮಂಡ್ಯ ಅನ್ಕತಾರೆ."

"ಚಪ್ಪರ ಎದ್ದ ಮನೇಲಿ ದೀಪ ಆರ್ಸಾದೇನಪ್ಪ? ಮಗ ಅಲ್ಲವ್ನೆ, ನೀನು ಇಲ್ಲಿ ಕತ್ಲು ಮಾಡ್ತೀಯಲ್ಲ!" ಅಂತ ನಿಮ್ಮವ್ವ ಅಡ್ಡ ನಿಂತಳು. ಕೊನೆಗೆ ಅವನೇ ಒಂದು ಉಪಾಯ ಮಾಡಿದ. ಸೆಟ್ಟೆಲ್ಲ ಆರಿಸಿ ಹಾಲುಗಂಬದ ಹತ್ತಿರ ಒಂದೇ ಬಲ್ಬು ಉಳಿಸಿ, ಅದರ ಮೇಲೆ ನಮ್ಮ ಕೊಟ್ಟಿಗೆಯ ಮಂಕರಿ ಬುಟ್ಟಿ ಬೋರಲು ಹಾಕಿದ. ದಿನಾ ಹೋಗುವ ಕರೆಂಟು ಅವತ್ತು ಹೋಗಲೇ ಇಲ್ಲ.

ಶನಿವಾರ ಸಂಜೆ ಯುದ್ಧ ನಿಂತಿತು ಅಂದರು. ನಿಮ್ಮವ್ವ ಬೀದಿಗೆಲ್ಲ ಬೆಲ್ಲ ಹಂಚಿದಳು. ಬೆಲ್ಲ ಬಾಯಲ್ಲಿ ಕರಗುವ ಮೊದಲೇ ಗಗನ ಮೊಬೈಲು ಹಿಡಿದು ಬಂದು, "ಇನ್ನೂ ಹೊಡೀತಾವ್ರಂತೆ" ಅಂದಳು. ಬೆಳಿಗ್ಗೆ ಮತ್ತೆ ನಿಂತಿದೆ ಅಂದರು. ನಾಲೆ ನೀರು ನಿಲ್ಲಿಸಿದರೂ ನಮಗೆ ಹೀಗೇ ಆಗುತ್ತದೆ, ನಿಲ್ಲಿಸಿದರೋ ಮುಗಿಯಿತೋ ತಿಳಿಯುವುದಿಲ್ಲ. ನಿಂತಿದ್ದರೆ ನೀನು ಯಾಕೆ ಬರಲಿಲ್ಲ? ಮುಗಿದಿಲ್ಲದಿದ್ದರೆ ಟೀವಿಯವರು ಯಾಕೆ ಕ್ರಿಕೆಟ್ಟು ತೋರಿಸುತ್ತಿದ್ದಾರೆ? ಚಪ್ಪರ ಹಾಗೇ ಇದೆ, ಗರಿ ಒಣಗುತ್ತಿದೆ. ಯಾವತ್ತು ಬರುತ್ತೀಯ ಬರಿ.

ಇಂತಿ ನಿನ್ನ ಅತ್ತೆ,
ಇಂದ್ರಮ್ಮ

•

೨ ಜೂನ್ ೨೦೨೫

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ನಾನು, ಸ್ವಾಮಿ, ಎಲ್ಲರೂ ಆರಾಮಾಗಿದ್ದೇವೆ. ಆ ಹುಡುಗನ ಹೆಸರು ಗುರ್‌ಪ್ರೀತ್. ಅವನ ಮೊಣಕಾಲೂ ಆರಾಮ.

ಇಲ್ಲಿ ಈಗ ಶಾಂತವಾಗಿದೆ. ರಜೆ ಯಾವಾಗ ಕೊಡುತ್ತಾರೋ ಹೇಳಲಾಗುವುದಿಲ್ಲ. ಟವರ್ ಸರಿಯಾಗಿ ಸಿಗುವುದಿಲ್ಲ, ಫೋನು ಬರಲಿಲ್ಲ ಅಂತ ಅವ್ವ ಗಾಬರಿಯಾಗುವುದು ಬೇಡ. ಮಾತ್ರೆ ತಪ್ಪಿಸಬಾರದು ಅಂತ ಹೇಳಿ. ಗಗನಾಗೆ ಚೆನ್ನಾಗಿ ಓದಲು ಹೇಳಿ.

ಚಪ್ಪರ ಬಿಚ್ಚಿಸಿಬಿಡಿ. ಬೀದಿಗೆ ಅಡ್ಡ, ಮಳೆಗಾಲ ಬೇರೆ. ನಜೀರಣ್ಣನ ಕಂಬಗಳನ್ನು ವಾಪಸ್ಸು ಕೊಡಿ.

ನಿಮ್ಮ ಸಂತೋಷ

•

ಕೆರಗೋಡು
೧೪ ಜೂನ್ ೨೦೨೫

ಸಂತೋಷ,

ನೀನು, ಸ್ವಾಮಿ, ಗುರುಪ್ರೀತು (ಬರೆಯಲು ಬಂತು, ಅನ್ನಲು ಇನ್ನೂ ಬಂದಿಲ್ಲ) ಕ್ಷೇಮವೆಂದು ನಂಬಿದ್ದೇನೆ. ನಿನ್ನ ಕಾಗದವನ್ನು ಚಪ್ಪರದ ಕೆಳಗೆ ಕೂತು ಎಲ್ಲರಿಗೂ ಓದಿದೆ. ಚಪ್ಪರದ ಮಾತಿನ ಕೊನೆಯ ಎರಡು ಸಾಲು ಬಂದಾಗ ಓದುವುದು ನಿಲ್ಲಿಸಿದೆ. "ಅಷ್ಟೇಯಾ?" ಅಂತ ನಿಮ್ಮವ್ವ ಕೇಳಿದಳು. ಅಷ್ಟೇ ಅಂದೆ. ಕಾಗದ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಏನು ಮಾತು ಬರೆದೆಯೋ! ಹಾಲುಗಂಬ ನೆಟ್ಟ ಮೇಲೆ ತಾಳಿ ಕಟ್ಟದೆ ಚಪ್ಪರ ಬಿಚ್ಚಿದ್ದನ್ನು ನಮ್ಮ ಕಡೆ ಎಲ್ಲಾದರೂ ಕಂಡಿದ್ದೀಯಾ? ಅದು ಮದುವೆ ಮುರಿದವರು ಮಾಡುವುದು. ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ನಿನಗೆ ಇದು ಗೊತ್ತಿಲ್ಲ ಅನ್ನಲೋ, ಗೊತ್ತಿದ್ದೇ ಬರೆದೆ ಅನ್ನಲೋ? ದೀಪಿಕ ಹೇಗಿದ್ದಾಳೆ ಅಂತ ಒಂದು ಮಾತು ಕೇಳಿಲ್ಲ. ಗುರುಪ್ರೀತನ ಮೊಣಕಾಲಿಗೆ ಒಂದು ಸಾಲು ಇಟ್ಟೆ, ಆ ಹುಡುಗಿಗೆ ಅರ್ಧ ಸಾಲೂ ಇಲ್ಲ.

ಚಪ್ಪರ ಅಡ್ಡ ಅನ್ನುವುದು ಸುಳ್ಳಲ್ಲ. ಎದುರುಮನೆ ರಂಜಿತ ದಿನಕ್ಕೊಂದು ಸಲ ಬಾಗಿ ದಾಟುವಾಗ ಏನಾದರೂ ಅಂದೇ ಹೋಗುತ್ತಾಳೆ. "ಯುದ್ಧ ನಿಂತು ಎಲ್ರೂ ಮನೆ ಸೇರ್ಕಂಡ್ರು, ನಿಮ್ ಚಪ್ಪರ ಒಂದು ಇನ್ನೂ ಬಾರ್ಡರ್ ಕಾಯ್ತಾ ನಿಂತದಲ್ಲ ಇಂದ್ರಮ್ಮಾರೆ!" ನಗುತ್ತಾಳೆ, ನಾನೂ ನಗುತ್ತೇನೆ. ಆದರೆ ಹೋದ ವಾರ ಮೂಲೆಮನೆಯ ಅಜ್ಜಿ ತೀರಿಕೊಂಡರು. ಚಪ್ಪರವಿರುವ ಮನೆಯವರು ಸಾವಿನ ಮನೆಗೆ ಕಾಲಿಡುವಂತಿಲ್ಲ. ನಿನ್ನ ಹೆರಿಗೆ ಮಾಡಿಸಿದ ಅಜ್ಜಿ ಅದು. ನಿಮ್ಮವ್ವ ಹಾಲುಗಂಬ ಹಿಡಿದುಕೊಂಡು ಹೆಣ ಹೋಗುವವರೆಗೂ ದೂರದಿಂದಲೇ ಅತ್ತಳು. ಅಷ್ಟು ಕಟ್ಟುಪಾಡು ಹಿಡಿದು ಕೂತವಳಿಗೆ ನಿನ್ನ ಎರಡು ಸಾಲನ್ನು ಯಾವ ಬಾಯಲ್ಲಿ ಓದಲಿ?

ಇನ್ನೊಂದು ಮಾತು. ಮಳವಳ್ಳಿ ಸ್ವಾಮಿ ದಿನಾ ತಾಯಿಗೆ ಫೋನು ಮಾಡುತ್ತಾನಂತೆ. ಅವನ ತಾಯಿ ನಿಮ್ಮಪ್ಪನಿಗೆ ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದರು. ಸ್ವಾಮಿಗೆ ಸಿಗುವ ಟವರು ನಿನಗೇ ಯಾಕೆ ಸಿಗುವುದಿಲ್ಲ? ದೀಪಿಕ ಏನಾದರೂ ಅಂದಳಾ? ನಾನೇ ಮುಂದೆ ನಿಂತು ಕುದುರಿಸಿದ ಸಂಬಂಧ, ನನ್ನ ಮೇಲೆ ಕೋಪವಾ? ನನಗೊಬ್ಬಳು ಮಗಳಿದ್ದಿದ್ದರೆ ನಿನಗೇ ಕೊಟ್ಟು, ಕಿವಿ ಹಿಂಡಿ ಕೇಳುತ್ತಿದ್ದೆ. ನೀನು ಗರಿಯ ಮಾತು ಬರೆದೆಯೋ ಹುಡುಗಿಯ ಮಾತು ಬರೆದೆಯೋ, ಬಿಡಿಸಿ ಹೇಳು.

ಇಂದ್ರಮ್ಮ

•

೨೬ ಜೂನ್ ೨೦೨೫

ಅತ್ತೆ,

ನಾನು ಬರೆದದ್ದು ಗರಿಯ ಮಾತು. ಒಣಗಿದ ತೆಂಗಿನ ಗರಿ, ಬೀಡಿ ಕಿಡಿ ಬಿದ್ದರೂ ಹತ್ತಿಕೊಳ್ಳುತ್ತದೆ, ಅದಕ್ಕೇ ಬರೆದೆ. ಅಷ್ಟಕ್ಕೆ ಇಷ್ಟು ದೊಡ್ಡದು ಮಾಡಬೇಡಿ. ಯಾರ ಮೇಲೂ ಕೋಪವಿಲ್ಲ. ಸ್ವಾಮಿಯ ಫೋನಿನ ಕಂಪನಿ ಬೇರೆ, ನನ್ನದು ಬೇರೆ.

ಅಜ್ಜಿ ಹೋದ ಸುದ್ದಿ ಓದಿದೆ. ಅವ್ವ ನನ್ನಿಂದಾಗಿ ಹೋಗದೆ ಉಳಿದದ್ದು ಸರಿಯಲ್ಲ.

ದೀಪಿಕರ ಮನೆಯವರು ಎಷ್ಟು ದಿನ ಅಂತ ಕಾಯುತ್ತಾರೆ? ಅವರು ಬೇರೆ ಕಡೆ ನೋಡುವುದಾದರೆ ನನ್ನದೇನೂ ಅಡ್ಡಿಯಿಲ್ಲ ಅಂತ ನೀವೇ ಮೆಲ್ಲಗೆ ಹೇಳಿ. ಅವರದು ತಪ್ಪಲ್ಲ. ನಾನು ಚೆನ್ನಾಗಿದ್ದೇನೆ.

ಸಂತೋಷ

•

ಕೆರಗೋಡು
೮ ಜುಲೈ ೨೦೨೫

ಸಂತೋಷನಿಗೆ,

ಎಲ್ಲರೂ ಕ್ಷೇಮ, ನಾನೊಬ್ಬಳು ಕ್ಷೇಮವಿಲ್ಲ. ನಿನ್ನ ಕಾಗದವನ್ನು ತಿರುವಿ ತಿರುವಿ ಓದಿದೆ. ಮೊದಲ ಅರ್ಧದಲ್ಲಿ ಗರಿ ಅಂತೀಯ, ಎರಡನೇ ಅರ್ಧದಲ್ಲಿ ಹುಡುಗಿಯನ್ನೇ ಬಿಟ್ಟುಕೊಡುತ್ತೀಯ, ಕೊನೆಗೆ ಚೆನ್ನಾಗಿದ್ದೇನೆ ಅಂತೀಯ. ನಾನು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಮೊಸರನ್ನ ಕಟ್ಟಿದ ಹಳೇ ಪೇಪರಿನ ಚೂರುಗಳಲ್ಲಿ. ಎಂಥೆಂಥ ಹರಿದ ಸುದ್ದಿಯನ್ನೂ ಕೂಡಿಸಿ ಓದಿದ್ದೇನೆ, ನಿನ್ನದು ಕೂಡುತ್ತಿಲ್ಲ.

ಇಲ್ಲಿ ಆದದ್ದನ್ನೂ ಕೇಳು. ಭಾನುವಾರ ದೀಪಿಕಳ ಅಪ್ಪ ಬಂದಿದ್ದರು. ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಚಪ್ಪರದ ಕಡೆ ನೋಡಿಕೊಂಡೇ ಮಾತಾಡಿದರು.

"ನೋಡಿ ಚಲುವರಾಜಣ್ಣ, ನಿಮ್ಮನೇಲಿ ಚಪ್ಪರ ಎದ್ದಿತ್ತು, ನಮ್ಮನೇಲಿ ಮಾರನೇ ದಿನ ಏಳ್ಬೇಕಿತ್ತು, ಏಳ್ನಿಲ್ಲ. ನಮ್ಗೆ ಕಟ್ಟು ಅಂತ ಏನೂ ಇಲ್ಲ. ಮದ್ದೂರಿಂದ ಒಂದ್ ಸಂಬಂಧ ಕೇಳ್ಕಂಡ್ ಬಂದದೆ. ಆಷಾಢ ಕಳೀಲಿ, ಅಷ್ಟ್ರಲ್ಲಿ ನಿಮ್ ಹುಡುಗ ಬತ್ತೀನಿ ಅಂದ್ರೆ ಸರಿ. ಇಲ್ದಿದ್ರೆ ಬ್ಯಾಸರ ಮಾಡ್ಕಬೇಡಿ."

ನಿಮ್ಮಪ್ಪ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದ. ಅವರು ಹೇಳಿದ್ದರಲ್ಲಿ ಏನು ತಪ್ಪು ಅಂತ ನನಗೆ ಹೊಳೆಯಲಿಲ್ಲ. ನೀನು ಮೆಲ್ಲಗೆ ಹೇಳಿ ಅಂದಿದ್ದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು.

ಅವರು ಹೋದ ಮಾರನೆಯ ದಿನವೇ ದೀಪಿಕಳೇ ಬಂದಳು, ಒಬ್ಬಳೇ, ದುದ್ದದಿಂದ ಬಸ್ಸು ಹತ್ತಿ. ಡೈರಿಯಲ್ಲಿ ಹಾಲಿನ ಫ್ಯಾಟು ನೋಡುವ ಕೆಲಸ ಮುಗಿಸಿ ಹಾಗೇ ಬಂದಿದ್ದಳು. ಮದುವೆಗೆ ಮುಂಚೆ ಗಂಡಿನ ಮನೆಗೆ ಹೆಣ್ಣು ಹೀಗೆ ಬರುವುದುಂಟಾ ಅಂತ ನಿಮ್ಮವ್ವನಿಗೆ ಒಳಗೆ ಕರೆಯಲೂ ಗಾಬರಿ, ಹೊರಗೆ ನಿಲ್ಲಿಸಲೂ ಗಾಬರಿ. ಅವಳು ಚಪ್ಪರದ ಕೆಳಗೇ ಕೂತಳು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು.

"ಒಂದ್ಸಲ ಫೋನ್ ಮಾಡಿದ್ರು ಕಣಮ್ಮ, ಯುದ್ಧ ನಿಂತ್ಮೇಲೆ. ರೇಡಿಯೋ ವಾರ್ತೆ ಓದ್ದಂಗೆ ತಾವು ಯೋಳೋದೆಲ್ಲ ಯೋಳಿ ಇಟ್ಬುಟ್ರು. ನಾನು ಏನೇನೋ ಕೇಳ್ದೆ, ಒಂದುಕ್ಕೂ ಉತ್ತರ ಇಲ್ಲ. ಯಾಕಂಗ್ ಮಾಡಿದ್ರು? ನನ್ ಮೇಲೆ ಮನಸ್ಸಿಲ್ವಾ?"

ಏನು ಹೇಳಲಿ? ನಿನ್ನ ಟವರಿನ ಕತೆ ಹೇಳಿದೆ. "ಮಾತು ಚೆನ್ನಾಗೇ ಕೇಳ್ತಿತ್ತಲ್ಲ" ಅಂದಳು.

ಆಗ ಅವಳೇ ನೋಡಿ ಕೂಗಿದ್ದು. ಹಾಲುಗಂಬ ಚಿಗುರಿದೆ ಸಂತೋಷ! ಅರಿಸಿನದ ಬಟ್ಟೆ ಕಟ್ಟಿದ್ದೆವಲ್ಲ, ಅದರ ಮೇಲುಗಡೆ ಕೆಂಪಗೆ ಎರಡು ಎಲೆ. ಮೇಲಿನ ಗರಿ ಉದುರಿ ಮಳೆ ನೀರು ನೇರ ಬುಡಕ್ಕೆ ಬಿದ್ದು ಬೇರು ಬಿಟ್ಟಿದೆ. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಈಗ ಬೀದಿಯಲ್ಲೆಲ್ಲ ಚರ್ಚೆ. ಯಾವ ಹಾಲುಗಂಬವೂ ಚಿಗುರುವಷ್ಟು ದಿನ ನಿಂತದ್ದಿಲ್ಲವಲ್ಲ, ಹೇಳುವವರು ಯಾರು? ಚಿಗುರಿದ ಮರ ಕೀಳಬಾರದು ಅನ್ನುತ್ತಾಳೆ ನಿಮ್ಮವ್ವ. ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರಾಕ್ಟರಿನವರು ದಿನಾ ಬಂದು ಬಯ್ಯುತ್ತಾರೆ. ನಜೀರನಿಗೆ ಕಂಬ ಬೇಕು, ಬಾಯಿಬಿಟ್ಟು ಕೇಳುವುದಿಲ್ಲ. ಬರುತ್ತಾನೆ, ಕಂಬವನ್ನು ಅಲ್ಲಾಡಿಸಿ ನೋಡುತ್ತಾನೆ, "ಗಟ್ಟಿ ಅವೆ, ಇರ್ಲಿ ಬುಡಕ್ಕ" ಅಂತ ಹೋಗುತ್ತಾನೆ.

ಆಷಾಢ ಮುಗಿಯಲು ಇನ್ನು ಹೆಚ್ಚು ದಿನವಿಲ್ಲ. ನನಗೆ ಸಮಾಧಾನದ ಮಾತು ಬೇಡ. ನಿಜ ಬೇಕು. ನೀನು ಬಾಯಿಬಿಡದಿದ್ದರೆ ಆ ಹುಡುಗಿ ತನ್ನದೇ ತಪ್ಪು ಅಂದುಕೊಂಡು ಮದ್ದೂರಿಗೆ ಹೋಗುತ್ತಾಳೆ.

ನಿನ್ನ ಅತ್ತೆ

•

೨೦ ಜುಲೈ ೨೦೨೫

ಅತ್ತೆ,

ಇದನ್ನು ಓದಿ ಅವ್ವನಿಗೆ ಹೇಳಬೇಡಿ.

ಆ ಶನಿವಾರ ಸಂಜೆ ನಿಂತಿತು ಅಂತ ನಮಗೂ ಹೇಳಿದರು. ಸ್ವಾಮಿ ಟೀ ಕಾಯಿಸಲು ಸ್ಟವ್ ಹಚ್ಚಿದ. ಊರಿಂದ ಬಂದ ಮೇಲೆ ನಾನು ಮೊದಲ ಸಲ ನೆಮ್ಮದಿಯಾಗಿ ಬೂಟು ಬಿಚ್ಚಿದೆ. ಕಾಲಿನ ಅರಿಸಿನ ಹಾಗೇ ಇತ್ತು. ಸ್ವಾಮಿ ನೋಡಿ, "ಲೇ ಮದ್ವೆಗಂಡು, ತೊಳೀಬ್ಯಾಡ ಕಣ್ಲಾ, ನಾಳಿಕ್ಕೆ ಸಾರಿಗಾಯ್ತದೆ" ಅಂದ. ನಾನು ನಗುತ್ತಿದ್ದೆ. ಆಗಲೇ ಶೆಲ್ ಬಿತ್ತು.

ನಾವು ಕೂತಲ್ಲಿಂದ ಬರೀ ಒಂದು ಗದ್ದೆ ಬದುವಿನಷ್ಟು ದೂರ. ಯಾರಿಗೂ ಏನೂ ಆಗಲಿಲ್ಲ. ನನ್ನ ಮೈಮೇಲೂ ಒಂದು ಗೀರಿಲ್ಲ. ಸ್ವಾಮಿಯ ಬಾಯಿ ಅಲ್ಲಾಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಅವನು ಹೆದರಿ ಧ್ವನಿ ಕಳೆದುಕೊಂಡಿದ್ದಾನೆ ಅಂದುಕೊಂಡೆ. ಆಮೇಲೆ ನನ್ನದೇ ಅಂತ ತಿಳಿಯಿತು.

ಒಂದು ಕಿವಿ ಹೋಗಿದೆ ಅತ್ತೆ. ಇನ್ನೊಂದರಲ್ಲಿ ಮೊದಲು ಪಂಪ್‌ಸೆಟ್ ಓಡಿದ ಹಾಗೆ ಸದ್ದು ಬರುತ್ತಿತ್ತು. ಈಗ ಅದು ಇಳಿದಿದೆ, ಮಾತು ಕೇಳುತ್ತದೆ. ಹೋದದ್ದು ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಕೆಲಸಕ್ಕೆ ತೊಂದರೆಯಿಲ್ಲ, ಸ್ಟೋರಿಗೆ ಹಾಕುತ್ತಾರಂತೆ. ಯಾರಿಗೂ ಹೇಳಬೇಡ ಅಂತ ಸ್ವಾಮಿಯಿಂದ ಆಣೆ ಹಾಕಿಸಿದ್ದೇನೆ. ಫೋನು ಮಾಡಿದರೆ ನಾನು "ಆಂ? ಆಂ?" ಅನ್ನುವುದು ಅವ್ವನಿಗೆ ಗೊತ್ತಾಗುತ್ತದೆ. ದೀಪಿಕರಿಗೆ ಮಾಡಿದಾಗ ಆ ಕಡೆಯಿಂದ ಬರೀ ಗುಂಯ್ ಅನ್ನುತ್ತಿತ್ತು. ಬಾಯಿಪಾಠ ಮಾಡಿಕೊಂಡದ್ದನ್ನು ಒಪ್ಪಿಸಿ ಇಟ್ಟುಬಿಟ್ಟೆ.

ಯುದ್ಧದಲ್ಲಿ ಹೋಯಿತು ಅನ್ನೋಣವೆಂದರೆ ಯುದ್ಧ ನಿಂತಿತ್ತು. ನಿಂತ ಮೇಲೆ ಹೋಯಿತು ಅಂದರೆ ಯಾರಿಗೆ ಅರ್ಥವಾಗುತ್ತದೆ? ನನಗೇ ಆಗಿಲ್ಲ. ನೀವು ಬೆಲ್ಲ ಹಂಚಿದ ಸಂಜೆಯೇ ಅದು. ಅದನ್ನು ನಿಮ್ಮ ಕಾಗದದಲ್ಲಿ ಓದಿದಾಗಿನಿಂದ ಏನು ಬರೆಯಲೂ ಕೈ ಬರುತ್ತಿರಲಿಲ್ಲ.

ಅವರು ಹೆಣ್ಣು ಕೊಟ್ಟದ್ದು ಎಲ್ಲ ಸರಿಯಿರುವ ಹುಡುಗನಿಗೆ. ಬಚ್ಚಿಟ್ಟು ತಾಳಿ ಕಟ್ಟಲು ಮನಸ್ಸು ಬರಲಿಲ್ಲ, ಹೇಳಲು ಬಾಯಿ ಬರಲಿಲ್ಲ. ಚಪ್ಪರ ಬಿಚ್ಚಿ ಅಂದರೆ ನಿಮಗೆ ಏನು ಅನ್ನಿಸುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಅವರ ಮೇಲೆ ಮನಸ್ಸಿಲ್ಲ ಅನ್ನುವುದು ಮಾತ್ರ ಸುಳ್ಳು. ಅದೊಂದನ್ನು ಅವರಿಗೆ ಹೇಳಿ. ಉಳಿದದ್ದು ನಿಮಗೆ ಬಿಟ್ಟದ್ದು.

ನಿಮ್ಮ ಸಂತೋಷ

•

ಕೆರಗೋಡು
೨ ಆಗಸ್ಟ್ ೨೦೨೫

ಅಳಿಯ ಸಂತೋಷನಿಗೆ,

ಹೇಗಿದ್ದೀಯಪ್ಪ? ಪಂಪ್‌ಸೆಟ್ಟು ನಿಂತಿತಾ? ಸ್ವಾಮಿ ಹೇಗಿದ್ದಾನೆ? ಆಣೆ ಉಳಿಸಿಕೊಂಡ ಅವನ ಬಾಯಿಗೆ ಸಕ್ಕರೆ ಹಾಕು, ಬೆನ್ನಿಗೆ ಎರಡು ಗುದ್ದು. ಗುರುಪ್ರೀತನನ್ನೂ ಕೇಳಿದೆ ಅಂತ ಹೇಳು.

ಅವ್ವನಿಗೆ ಹೇಳಬೇಡಿ ಅಂದೆ. ಹೇಳಿಬಿಟ್ಟೆ. ಈ ಸಲ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲ, ಮೊದಲಿಂದ ಕೊನೆಯವರೆಗೆ ಓದಿದೆ. ನಿಮ್ಮವ್ವ ಬೆಲ್ಲ ಹಂಚಿದ ಕೈಯನ್ನೇ ನೋಡಿಕೊಂಡು ಅತ್ತಳು. ಗಗನ ಅವಳ ಕೈ ಹಿಡಿದು ಕೂತಳು. ನಿಮ್ಮಪ್ಪ ಎದ್ದು ಕೊಟ್ಟಿಗೆಗೆ ಹೋದ, ಹಸುವಿಗೆ ಹಾಕಿದ ಹುಲ್ಲನ್ನೇ ಮತ್ತೆ ಹಾಕಿದ, ತಿರುಗಿ ಬಂದು ನನ್ನೆದುರು ನಿಂತ.

"ಒಂದ್ ಕಿವಿ ತಾನೇನಕ್ಕ? ಭಾವಂಗೆ ಎರಡೂ ಇಲ್ಲ. ನೀನು ಇಷ್ಟ್ ವರ್ಷ ಬಾಳ್ನಿಲ್ವಾ?"

ನನಗೆ ಅಳುವಿನ ನಡುವೆ ನಗು ಬಂತು. ನಿಮ್ಮವ್ವನಿಗೂ ಬಂತು. ನಿಮ್ಮ ಮಾವ ಒಬ್ಬೊಬ್ಬರ ಮುಖ ನೋಡಿ, "ಏನಂತೆ? ರಜ ಸಿಕ್ತಂತಾ?" ಅಂದರು. ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ. ಎದುರುಮನೆ ರಂಜಿತಳಿಗೂ ಕೇಳಿಸಿತು, ಹಾಗಾಗಿ ಈಗ ಊರಿಗೆಲ್ಲ ಗೊತ್ತು. ನಿಮ್ಮ ಮಾವ, "ಸಂತೆಗೋದ್ರೆ ನಾನು ಅವ್ನು ಜೊತೇಲಿ ಓಗ್ತೀವಿ ಬುಡು, ಯಾರ್ ಬೈದ್ರೂ ತಿಳಿಯಾಕಿಲ್ಲ" ಅಂದರು.

ಮಾರನೆಯ ದಿನ ನಾನೂ ನಿಮ್ಮಪ್ಪನೂ ದುದ್ದಕ್ಕೆ ಹೋದೆವು. ಆಷಾಢ ಕಳೆದಿತ್ತು. ದೀಪಿಕಳ ಅಪ್ಪ ಪೂರ್ತಿ ಕೇಳಿದರು. "ಇದ್ನ ಮೊದ್ಲೇ ಯೋಳಿದ್ರೆ ಏನಾಯ್ತಿತ್ತು?" ಅಂದು ಮಗಳ ಕಡೆ ತಿರುಗಿದರು. ದೀಪಿಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅತ್ತಿದ್ದಳು, ಸುಳ್ಳು ಹೇಳುವುದಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನು ಒಂದೇ ಮಾತು ಕೇಳಿದಳು.

"ಯಾವ ಕಿವಿ?"

ನಾನು ನಿನ್ನ ಕಾಗದ ಬಿಚ್ಚಿ ಹುಡುಕಿದೆ. ಅವಳ ಅಪ್ಪನೂ ಕನ್ನಡಕ ಹಾಕಿಕೊಂಡು ಹುಡುಕಿದರು. ಅಷ್ಟು ಉದ್ದ ಬರೆದವನು ಎಡಗಿವಿಯೋ ಬಲಗಿವಿಯೋ ಬರೆದೇ ಇಲ್ಲವಲ್ಲಪ್ಪ!

"ಬಲಗಿವಿ ಆದ್ರೆ ಚಿಂತೆ ಇಲ್ಲ ಕಣಮ್ಮ" ಅಂದಳು ಅವಳು. "ತಾಳಿ ಕಟ್ಟಾದ್ಮೇಲೆ ನಾನು ಹೆಂಗೂ ಎಡಗಡೀಕೆ ಬತ್ತೀನಲ್ಲ. ಎಡಗಿವಿ ಆದ್ರೆ ಈಗ್ಲೇ ಯೋಳ್ಬುಡಿ. ನಾನು ಬಲಗಡೆನೇ ಕೂತ್ಕತೀನಿ, ಐನೋರು ಏನಾರ ಅನ್ಕಳ್ಳಿ. ಅವ್ರು ನನ್ ಮಾತಿಗೆ ಉತ್ತರ ಕೊಡ್ದೆ ಇನ್ನೊಂದ್ ಸಲ ಫೋನ್ ಇಡಂಗಿಲ್ಲ."

ಅವಳ ಅಪ್ಪ ಕನ್ನಡಕ ತೆಗೆದು, "ಮದ್ದೂರಿನೋರ್ಗೆ ನಾನೇನ್ ಯೋಳ್ಲಿ?" ಅಂದರು. "ಎರಡು ಕಿವಿ ಇರೋ ಗಂಡಿಗೆ ಹೆಣ್ಣು ಬ್ಯಾರೆ ಕಡೆ ನೋಡ್ಕಳಿ ಅನ್ನಿ" ಅಂತ ಅವಳು ಒಳಗೆ ಹೋದಳು.

ಬರುವಾಗ ಬಸ್ಸಿನಲ್ಲಿ ನಿಮ್ಮಪ್ಪ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ. ನಮ್ಮೂರ ಪುರೋಹಿತರನ್ನು ಕೇಳಿದೆ, ಹೆಂಡತಿಯನ್ನು ಬಲಕ್ಕೇ ಉಳಿಸಿಕೊಳ್ಳಬಹುದಾ ಅಂತ. ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ, ಇನ್ನೂ ಯೋಚಿಸುತ್ತಿದ್ದಾರೆ.

ಚಪ್ಪರದ ಗರಿ ಇಳಿಸಿದೆವು. ನೀನು ಬಿಚ್ಚಿಸಿ ಅಂದದ್ದಕ್ಕಲ್ಲ, ನೀನು ಬರುವ ಹೊತ್ತಿಗೆ ಹಸಿ ಗರಿ ಹೊದಿಸಬೇಕಲ್ಲ, ಅದಕ್ಕೆ. ಹಾಗಂತ ನಿಮ್ಮವ್ವನೇ ತೀರ್ಮಾನ ಮಾಡಿ ಮೊದಲ ಗರಿ ಎಳೆದಳು. ನಜೀರ್ ಅಹ್ಮದ್ ಕಂಬಗಳನ್ನು ಒಯ್ದ, ಮಂಕರಿಯ ಕೆಳಗಿನ ಬಲ್ಬನ್ನು ಮಾತ್ರ ಬಿಟ್ಟುಹೋದ. ಹಾಲುಗಂಬ ನಿಂತಿದೆ. ಈಗ ಅದಕ್ಕೆ ಎಲೆ ಎಷ್ಟು ಬಂದಿದೆಯೆಂದರೆ ಟ್ರಾಕ್ಟರಿನವರೇ ಅದನ್ನು ಬಳಸಿಕೊಂಡು ಹೋಗುತ್ತಾರೆ. ಚಪ್ಪರವಿಲ್ಲದ ಹಾಲುಗಂಬಕ್ಕೆ ಕಟ್ಟುಪಾಡು ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನಿಮ್ಮವ್ವ ಇಲ್ಲ ಅಂದುಕೊಂಡು ಮೂಲೆಮನೆಗೆ ಹೋಗಿ ಅಜ್ಜಿಯ ಫೋಟೋಕ್ಕೆ ಹೂವಿಟ್ಟು ಬಂದಳು.

ಯುದ್ಧ ಮುಗಿದಿದೆಯೋ, ಬರೀ ನಿಂತಿದೆಯೋ, ಅದು ನನಗೆ ಇನ್ನೂ ತಿಳಿದಿಲ್ಲ. ನಿನಗೂ ತಿಳಿದಿಲ್ಲ ಅಂತ ಈಗ ಗೊತ್ತಾಯಿತು, ಇನ್ನು ಕೇಳುವುದಿಲ್ಲ. ಈ ಒಂದನ್ನು ಹೇಳು ಸಾಕು. ಹಸೆಮಣೆಯ ಮೇಲೆ ಆ ಹುಡುಗಿಯನ್ನು ಯಾವ ಕಡೆ ಕೂರಿಸಲಿ? ಉದ್ದ ಬರೆಯಬೇಡ, ಎಡ ಇಲ್ಲವೇ ಬಲ, ಒಂದೇ ಮಾತು ಬರೆದು ಇವತ್ತೇ ಪೋಸ್ಟಿಗೆ ಹಾಕು.

ಕಾಯುತ್ತಿರುವ ನಿನ್ನ ಅತ್ತೆ,
ಇಂದ್ರಮ್ಮ